ಚುಕ್ಕಿ ಲೆಕ್ಕ

ಚರ್ಚ್‌ಗೇಟಿನಲ್ಲಿ ಇಳಿದು ನಡೆದೆವು, ನಾನೂ ಹೋಶಂಗನೂ,
ಇಬ್ಬರಿಗೂ ಸೇರಿ ನೂರಾ ಐವತ್ತೊಂದು ವರ್ಷ, ಮೂರು ಒಳ್ಳೆಯ ಮೊಣಕಾಲು.
ಪಾಸು ಕೊಟ್ಟವಳು ಪಕ್ಕದ ಖೋಲಿಯ ವೃಷಾಲಿ.
"ಇಪ್ಪತ್ತೇ ಓವರು ಕಾಕಾ, ಬೇಗ ಮುಗಿಯುತ್ತೆ" ಅಂದಿದ್ದಳು.

ಬೇಗ!
ನಡುನಡುವೆ ಆಟ ನಿಲ್ಲುತ್ತದೆ,
ಗುಟ್ಕಾದ ತಮ್ಮನಂಥ ಏಲಕ್ಕಿ ಮಾರುವವನು ಪರದೆ ತುಂಬಾ ನಗುತ್ತಾನೆ.
ಮೂರನೆಯ ಅಂಪೈರು ಎಲ್ಲೋ ಕತ್ತಲ ಕೋಣೆಯಲ್ಲಿ ಕೂತು
ಚೆಂಡನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ನೋಡುತ್ತಾನೆ,
ಜಿಪುಣ ಶೆಟ್ಟಿ ಕೇಸರಿ ತೂಗಿದ ಹಾಗೆ.
ಬ್ಯಾಟ್ಸ್‌ಮನ್ನು ಗ್ಲೌಸು ಬದಲಿಸುತ್ತಾನೆ. ಮತ್ತೆ ಬದಲಿಸುತ್ತಾನೆ.
ನನ್ನ ಮದುವೆಯಲ್ಲಿ ನಾನು ಅಷ್ಟು ಸಲ ಬಟ್ಟೆ ಬದಲಿಸಿಲ್ಲ.

ಆಮೇಲೆ ಒಂದು ಚೆಂಡು.
ಅದು ಸಿಕ್ಸು.
ಹಗ್ಗ ಒಳಗೆಳೆದು ಮೈದಾನವನ್ನು ಹಿತ್ತಲು ಮಾಡಿದ್ದಾರೆ,
ತಪ್ಪಿ ತಾಗಿದ್ದೂ ಗ್ಯಾಲರಿಯಲ್ಲಿ ಹೋಗಿ ಬೀಳುತ್ತದೆ,
ಕಂಬದ ಬಾಯಿಂದ ಭುಗ್ಗೆಂದು ಬೆಂಕಿ.
ಹೋಶಂಗ ಕಿವಿಯ ಯಂತ್ರ ತೆಗೆದು ಜೇಬಿಗಿಳಿಸಿದ.
"ದಿನಾ ಹೋಳಿಗೆ ಬಡಿಸಿದರೆ ಹಬ್ಬ ಯಾವತ್ತೋ ಮಾರಾಯ?" ಅಂದೆ.
ಕೇಳಿಸಲಿಲ್ಲ ಅವನಿಗೆ. ಕೇಳಿಸಿದ್ದರೂ ಕನ್ನಡ ಬಾರದು.

ನಾನು ಕ್ರಾಸ್ ಮೈದಾನದಲ್ಲಿ ಸ್ಕೋರು ಬರೆದವನು.
ವಾರವಿಡೀ ಬಂದರಿನ ಗೋದಾಮಿನಲ್ಲಿ ಮೂಟೆ ಎಣಿಸಿ
ಭಾನುವಾರ ಚೆಂಡು ಎಣಿಸುತ್ತಿದ್ದೆ,
ಎಂಟು ರೂಪಾಯಿ, ಒಂದು ಊಟ.
ನಮ್ಮ ಆಟದ ಲಾಂಗ್ ಆನಿಗೆ ಬೆನ್ನು ತಾಗಿಸಿ
ಪಕ್ಕದ ಆಟದ ಸ್ಲಿಪ್ಪು ನಿಂತಿರುತ್ತಿದ್ದ,
ಒಂದೇ ಬೀಡಿ, ಎರಡು ಪಂದ್ಯ.
ರನ್ನು ಬಾರದ ಚೆಂಡಿಗೆ ಒಂದು ಚುಕ್ಕಿ.
ಚುಕ್ಕಿಯೆಂದರೆ ಏನೂ ಆಗಲಿಲ್ಲವೆಂದಲ್ಲ:
ಅದರೊಳಗೆ ಒದ್ದೆ ಮಣ್ಣಲ್ಲಿ ಜಾರಿದ ಒಂದು ಹೆಜ್ಜೆ,
ಆಡಲೋ ಬಿಡಲೋ ಎಂದು ಮೇಲಕ್ಕೆತ್ತಿದ ಬ್ಯಾಟು,
ಕೀಪರನ ಅಂಗೈಯಲ್ಲಿ ಠಪ್ಪೆಂದ ಸದ್ದು,
ಆ ಸದ್ದಿನ ಮೇಲೆ ಯಾರೂ ಏನೂ ಮಾತಾಡದ ಅರೆಗಳಿಗೆ.
ಆರು ಚುಕ್ಕಿ ಸಾಲಾಗಿ ಬಂದರೆ
ಕೆಂಪು ಪೆನ್ಸಿಲಿನಿಂದ ಕೂಡಿಸಿ ಗೆರೆ ಎಳೆಯುತ್ತಿದ್ದೆ,
ಹೊಸಿಲ ಮುಂದೆ ಅಮ್ಮ ಚುಕ್ಕಿ ಸುತ್ತಿಸಿ ರಂಗೋಲಿ ಎಳೆದ ಹಾಗೆ,
ಕೈ ನಡುಗದಂತೆ.

ಈಗ ಬರೆಯುವವನಿಗೆ ಚುಕ್ಕಿ ಇಡಲು ಜಾಗವೆಲ್ಲಿ
ಎಂದು ನಿಟ್ಟುಸಿರಿಡುವುದು ಸುಲಭ.
ಆದರೆ ಒಂದು ಮಾತು ಹೇಳಿಬಿಡಬೇಕು.

ಎಪ್ಪತ್ತಾರರ ಜುಲೈ. ಮಳೆ ಬಿಟ್ಟ ಮಧ್ಯಾಹ್ನ.
ಹೊಟ್ಟೆ ತುಂಬಾ ಅನ್ನ ಸಾರು, ಟಾರ್ಪಾಲಿನ ಕೆಳಗೆ ಬೆಚ್ಚಗಿನ ಆವಿ,
ಎದುರು ಪಕ್ಷದ ಸ್ಕೋರರು ಚಹಾಕ್ಕೆ ಹೋಗಿದ್ದ.
ಕಣ್ಣು ತೆರೆದಾಗ ಓವರು ಮುಗಿದಿತ್ತು.
ಬೌಲರನು ಟೊಪ್ಪಿ ಹಾಕಿಕೊಳ್ಳುತ್ತಿದ್ದ, ಯಾರನ್ನು ಕೇಳುವುದು?
ಆರು ಚುಕ್ಕಿ ಇಟ್ಟೆ. ಕೆಂಪು ಗೆರೆ ಎಳೆದೆ.
ಇಡೀ ಋತುವಿನಲ್ಲಿ ಅದೊಂದೇ ಮೇಡನ್ನು ಆ ಬೌಲರನಿಗೆ.
ಇರಾನಿ ಹೋಟೆಲಿನಲ್ಲಿ, ಮಗಳ ನವಜೋತಿಯಲ್ಲಿ,
ಹೃದಯದ ಆಪರೇಷನ್ನಿಗೆ ಒಯ್ಯುವ ಗಾಲಿಮಂಚದ ಮೇಲೂ
ಅದರ ಒಂದೊಂದು ಚೆಂಡನ್ನೂ ಅವನು ಬಣ್ಣಿಸಿದ್ದಾನೆ;
ನಾಲ್ಕನೆಯದು ಒಳಕ್ಕೆ ತಿರುಗಿತಂತೆ.
ಕೇಳಿ ಕೇಳಿ ನನಗೂ ಕಾಣುತ್ತದೆ ಈಗ, ತಿರುಗಿದ್ದು.

ಹದಿನೇಳನೆಯ ಓವರು. ಸಣಕಲು ಹುಡುಗನೊಬ್ಬ, ಎಡಗೈ.
ಬ್ಯಾಟು ಬೀಸಿತು, ಗಾಳಿ ಸೀಳಿತು, ಚೆಂಡು ಕೀಪರನಿಗೆ.
ಯಾರೂ ನೋಡಲಿಲ್ಲ. ಪರದೆ ಏನೋ ಆಜ್ಞೆ ಮಾಡಿತ್ತು,
ಜನವೆಲ್ಲ ಮೊಬೈಲಿನ ದೀಪ ಹಚ್ಚಿ ಎತ್ತಿ ಹಿಡಿದಿದ್ದರು:
ಮೂರು ಸುತ್ತು ಗ್ಯಾಲರಿ, ಮೂವತ್ತು ಸಾವಿರ ಚುಕ್ಕಿ,
ಸಮುದ್ರದ ಗಾಳಿಗೆ ಅಲ್ಲಾಡುತ್ತ.

ಹೋಶಂಗ ಎದ್ದು ನಿಂತ, ಒಳ್ಳೆಯ ಮೊಣಕಾಲಿನ ಮೇಲೆ.
ಸುತ್ತ ನೋಡಿದ. ಕಿವುಡರ ದೊಡ್ಡ ದನಿಯಲ್ಲಿ ಕೇಳಿದ:
"ಮೇಡನ್ನಾ?"

ಆ ಓವರಿನಲ್ಲಿ ಆಗಲೇ ಹತ್ತೊಂಬತ್ತು ಹೋಗಿತ್ತು.
ಹೌದು ಅಂತ ತಲೆಯಾಡಿಸಿದೆ.