ನೂರಾ ಇಪ್ಪತ್ತೇಳು ಹಲ್ಲು

ಹಲ್ಲಿನ ಡಾಕ್ಟರು ಅವರು, ಪೊಂಕ್ಷೆ ಬಾಯಿ.
ಸದಾಶಿವ ಪೇಠದಾಗ ದವಾಖಾನಿ.
ಭೋಸರಿ ತನಕ ಬಂದಿದ್ರು ಒಂದು ಐತಾರ ಮುಂಜಾನೆ.
ಹಲ್ಲು ಕಿತ್ತ ಮ್ಯಾಲ ಕಚ್ಚಾಕ ಕೊಡ್ತಾರಲ್ಲ ಹತ್ತಿ,
ಅದರಾಗ ಸುತ್ತಿತ್ತು
ಯುದ್ಧದ ಕಾಲದ ಬಿ.ಎಸ್.ಎ. ಗಾಡಿಯ
ಎಕ್ಸಾಸ್ಟ್ ವಾಲ್ವಿನ ಗೈಡು.
ಬೆರಳುದ್ದ. ಬೀಡಿಂದು. ಹೊಗಿ ಕುಡುದು ಕುಡುದು ಕರ್ರಗ.

ಇದರ ಹಂಗ ಒಂದು ಮಾಡಿಕೊಡ್ರಿ, ಅಂದ್ರು.
ಇದರ ಹಂಗ ಮಾಡಿದ್ರ, ಬಾಯಿ,
ಎಂಬತ್ತು ವರ್ಷದ ಸವಕಳಿನ
ಹೊಸದಾಗಿ ಹುಟ್ಟತದ.

ಸವೆದ ಸಾಮಾನು ಸುಳ್ಳ ಹೇಳತದ.
ತುದಿಗೆ ಒಂದಳತಿ, ನಡುವ ಒಂದಳತಿ,
ಅಡ್ಡ ನೋಡಿದ್ರ ತತ್ತಿ, ಉದ್ದ ನೋಡಿದ್ರ ತುತ್ತೂರಿ.
ಗೈಬೂನ ಕೈಯಾಗ ಬ್ಯಾಟರಿ ಕೊಟ್ಟು ಒಳಗ ಹಣಿಕಿದೆ:
ನಟ್ಟನಡುವ, ಜ್ವಾಳದ ಕಾಳಿನಷ್ಟು ಅಗಲ,
ವಾಲ್ವು ಸರಿಯಾಗಿ ಉಜ್ಜಲಾರದ ಒಂದು ಪಟ್ಟಿ.
ಕಂಪನಿಯವನ ರೀಮರಿನ ಗೆರಿ ಇನ್ನೂ ಇದ್ದುವು ಅಲ್ಲಿ.
ಅಷ್ಟೇ ಖರೆ.
ಉಳಿದದ್ದೆಲ್ಲ ಓಡಾಟ.

ಸೀಮಿಎಣ್ಣ್ಯಾಗ ತೊಳೀವಾಗ
ಹೊರಮೈಯಿಂದ ಒಂದು ತಗಡು ಕಳಚಿ ಬಿತ್ತು.
ಸಡ್ಲಾದ ಗೈಡಿಗೆ ಯಾವನೋ ಸುತ್ತಿದ ಬಿಸ್ಕೀಟ ಡಬ್ಬಿ ತುಂಡು.
ಒಂದು ಮಗ್ಗಲ ಇನ್ನೂ ಹಳದಿ ಬಣ್ಣ, ಅರ್ಧ ಅಕ್ಷರ.
ಥೂ, ಜುಗಾಡು, ಅಂತ ಚೂರಿನ ಟ್ರೇದಾಗ ಒಗಿಯೂಕ ಹ್ವಾದೆ.
ಬಾಯಿ ಕೈ ಹಿಡದ್ರು.
ನಲವತ್ತು ವರ್ಷ ನಿಂತ ಫಿಲ್ಲಿಂಗಿಗೆ
ನಾವು ಹೆಸರಿಡೂದಿಲ್ಲ, ಅಂದ್ರು.
ಹತ್ತಿಯೊಳಗ ಸುತ್ತಿ ಪರ್ಸಿನಾಗ ಹಾಕ್ಕೊಂಡ್ರು.

ಜೋಡಿ ಒಂದು ಮುರಿದ ಸ್ಟಡ್ಡೂ ಇತ್ತು.
ಅದರ ಆಟೆ ಇಂಚಿನದು, ಐವತ್ತೈದು ಡಿಗ್ರಿ ಮೂಲಿ.
ನನ್ನ ಲೇಥು ಮಿಲಿಮೀಟರಿನ ಮನಿಯಾಗ ಬೆಳದದ್ದು, ಅರವತ್ತರ ರೂಢಿ.
ಐದು ಡಿಗ್ರಿ ಅಂದ್ರ ಕಣ್ಣಿಗೆ ಏನೂ ಅಲ್ಲ,
ನಟ್ಟು ಎರಡು ಸುತ್ತು ಹೋಗಿ ಕಚ್ಚಿ ಕೂಡತದ.
ಟೂಲು ಬ್ಯಾರೆ ಮಸದೆ.
ಕಪಾಟಿನ ತಳದಿಂದ ಆ ಗೇರು ತಗದೆ,
ನೂರಾ ಇಪ್ಪತ್ತೇಳು ಹಲ್ಲಿಂದು.
ಇಂಚಿನ ಮಾತು ಮಿಲಿಮೀಟರಿಗೆ ತಿಳಿಸೂದು ಅದೊಂದಕ್ಕೇ ಬರ್ತದ.
ಇಂಡಿಯಿಂದ ಬಂದ ಮೊದಲನೇ ವರ್ಷ
ಮರಾಠಿ ಸೇಠಗೂ ನನಗೂ ನಡುವ
ಕ್ಯಾಂಟೀನಿನ ಶಿವಲಿಂಗಣ್ಣ ಇದ್ದಂಗ.
ಬಾಯಿ ಹಲ್ಲು ಎಣಿಸಾಕ ಹತ್ತಿದ್ರು,
ಮೂವತ್ತೆರಡಕ್ಕ ನಿಂತು ನಕ್ಕರು.

ಬೀಡು ಕಡೀವಾಗ ಸುರುಳಿ ಬರೂದಿಲ್ಲ,
ಕರೀ ಹಿಟ್ಟು ಉದರತದ, ಗಿರಣ್ಯಾಗಿನಂಗ.
ಮೂಗಿನಾಗ, ಉಗುರಿನಾಗ, ಚಹಾದಾಗ.
ಕಡೀಕಿನ ಎರಡು ಥೌ ಇದ್ದಾಗ ಫ್ಯಾನು ಬಂದ್ ಮಾಡಿಸಿದೆ.
ಬಿಸಿ ಇದ್ದದ್ದು ಅಳೀಬಾರದು.
ಕೂತು ಒಂದು ಎಲಿ ಹಾಕಿದೆ.

ತಗಡಿನವನು ತಲ್ಯಾಗ ಕೂತಿದ್ದ.
ಹೆಸರಿಲ್ಲ, ಊರಿಲ್ಲ, ಅರ್ಧ ಅಕ್ಷರ.
ಯಾಕ ಅನಿಸ್ತೋ, ಹೊಸಾ ಗೈಡಿನ ಮೈಮ್ಯಾಲ
ಸೂಜಿಲೆ ‘ಇ’ ಅಂತ ಗೀರಿದೆ.
ಬ್ಲಾಕಿನಾಗ ಕೂತ ಮ್ಯಾಲ ಯಾರು ನೋಡ್ತಾರ?
ಬೆರಳಾಡಿಸಿದೆ.
ಗೀರಿದ ಅಂಚು ಕೂದಲಿನಷ್ಟು ಎದ್ದಿತ್ತು.
ಇಷ್ಟು ಎದ್ರ ಸೊಟ್ಟ ಕೂಡತದ.
ಎಣ್ಣಿಗಲ್ಲಿನ ಮ್ಯಾಲ ಹಾಕಿ ತಿಕ್ಕಿದೆ,
‘ಇ’ ಹೋಗೂತನಕ.

ಅವರು ಹಲ್ಲಿನ ನಡುವ ನೀಲಿ ಕಾಗದ ಇಟ್ಟು
ಕಚ್ರಿ ಅಂತಾರಂತ.
ನಾನೂ ವಾಲ್ವಿಗೆ ನೀಲಿ ಸವರಿ ತಿರುವಿ ಎತ್ತಿದೆ.
ಸುತ್ತಲೂ ಒಂದೇ ತೆಳು ಉಂಗುರ,
ಎಲ್ಲೂ ಹರೀಲಿಲ್ಲ.
ಇಬ್ಬರೂ ಬಗ್ಗಿ ನೋಡಿದಿವಿ, ಸುಮ್ಮನ.

ಗಾಡಿ ಚಾಲೂ ಆದದ್ದು ನಾ ಕೇಳಿಲ್ಲ.
ಸೋಮವಾರಕ್ಕ ಪಂಪಿನ ಬುಶ್ಶು, ನಾನೂರು ನಗ, ಎಲ್ಲಾ ಒಂದೇ ಅಳತಿ.
ರೊಕ್ಕ ಕೊಟ್ಟು ಹೋಗೂಮುಂದ ಬಾಯಿ ಅಂದಿದ್ರು,
ಎಡಕ್ಕ, ಕೆಳಗಿನ ದವಡಿ ಸವಿಯಾಕ ಹತ್ತದ, ಎಲಿ ಬಿಡ್ರಿ, ಬಂದು ತೋರಸ್ರಿ.

ಹ್ವಾಗಿಲ್ಲ ಇನ್ನೂ.
ಲೇಥು ಓಡುವಾಗ
ನಾಲಿಗಿ ತಾನಾಗಿ ಅಲ್ಲಿಗೇ ಹೋಗತದ,
ಸವೀದೇ ಉಳದ ಜಾಗ ಯಾವುದಂತ
ಹುಡುಕ್ತಾ.