ಅಡಿಟಿಪ್ಪಣಿ ಏಳು

ಹ್ಯಾಲಕ್ ಬೆಂಚ್ ನಿಲ್ದಾಣಕ್ಕೆ ದಿನಕ್ಕೆರಡು ವಿಮಾನ
ಅನ್ನುತ್ತದೆ ಫಲಕ. ನಿಜಕ್ಕೂ ಇರುವುದು ಒಂದೇ:
ಬೆಳಿಗ್ಗೆ ಹೋದದ್ದು, ಗಾಳಿ ಒಪ್ಪಿದರೆ
ಸಂಜೆ ಮರಳುತ್ತದೆ.
ಮೊಂಟಾನಾದ ಬಯಲು, ಜನವರಿ.
ನನ್ನನ್ನು ಕಳಿಸಿದ್ದು ಲೆಕ್ಕಕ್ಕೆ:
ತಪಾಸಣೆ ಸರ್ಕಾರದ ಕೈಯಲ್ಲಿದ್ದಾಗ ಎಷ್ಟು,
ಗುತ್ತಿಗೆಗೆ ಕೊಟ್ಟ ಮೇಲೆ ಎಷ್ಟು.
ಎರಡು ಕಾಲಮ್ಮು, ಕೆಳಗೊಂದು ಗೆರೆ,
ಗೆರೆಯ ಕೆಳಗೊಂದು ಅಂಕಿ.
ಅಂಕಿ ಸಿಕ್ಕರೆ ಗುರುವಾರ ಮನೆಗೆ.

ಓಪಲ್ ಟ್ವೈಟನ್ ಹದಿನೇಳು ವರ್ಷ ನೀಲಿ ಅಂಗಿ ತೊಟ್ಟವಳು.
ಹೋದ ಜೂನಿನಲ್ಲಿ ಬೂದು ಅಂಗಿ ಕೊಟ್ಟರು.
ಅದೇ ಯಂತ್ರ, ಅದೇ ಟ್ರೇ,
ಮೂರನೇ ಉರುಳೆಗೆ ಬಂದಾಗ ಕೀಚಲಿಡುವ ಅದೇ ಬೆಲ್ಟು.
ಬದಲಾದದ್ದು ಸಂಬಳದ ಚೀಟಿಯ ಮೇಲಿನ ಹೆಸರು,
ಕೆಳಗೆ, ಪಿಂಚಣಿ ಇದ್ದ ಜಾಗದಲ್ಲಿ
ಒಂದು ಅಡ್ಡಗೆರೆ.

"ಬೈಯಲು ಬಂದದ್ದು ಹಳಬರನ್ನೋ ಹೊಸಬರನ್ನೋ?"
ಯಾರನ್ನೂ ಅಲ್ಲ, ಅಂದೆ.
"ಹಾಗಾದರೆ ಬರೆದುಕೊಳ್ಳಿ.
ಸರ್ಕಾರ ಬಾಗಿಲು ಹಾಕಿಕೊಂಡ ಚಳಿಗಾಲ
ಐದು ವಾರ ಸಂಬಳವಿಲ್ಲದೆ ಇಲ್ಲೇ ನಿಂತಿದ್ದೇನೆ.
ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ
ಡಬ್ಬಿ ಸೂಪಿಗೆ ಸಾಲು ನಿಂತಾಗ
ನನ್ನ ಮುಂದೆ ಇದ್ದವನ ಬೆಲ್ಟನ್ನು
ಬೆಳಿಗ್ಗೆ ನಾನೇ ಬಿಚ್ಚಿಸಿದ್ದೆ."

ಬರೆದುಕೊಂಡೆ.
"ಕಾಲಡಿಗೆ ರಬ್ಬರ್ ಚಾಪೆ ಕೇಳಿ ಹದಿನಾಲ್ಕು ತಿಂಗಳು ಕಾದೆವು.
ಕಂಪನಿಯವನು ಬಂದ ವಾರವೇ ತಂದು ಹಾಸಿದ.
ಅದನ್ನೂ ಬರೀರಿ.
ಆರು ಜನ ಇದ್ದೆವು, ನಾಲ್ವರಾದೆವು.
ಅದು ಬೇಡ, ನಿಮ್ಮ ಹತ್ತಿರ ಆಗಲೇ ಇರುತ್ತೆ."
ಇತ್ತು. 'ಉಳಿತಾಯ' ಎಂಬ ತಲೆಬರಹದಡಿ.

ಬುಧವಾರ ಸೆಲ್ಮಾ ಓಡೆಗಾರ್ಡ್ ಬಂದಳು,
ತೋಳಿನಲ್ಲಿ ಹಿತ್ತಾಳೆ ಕಲಶ, ಕಲಶದಲ್ಲಿ ಗಂಡ.
ಪರದೆಯ ಮೇಲೆ ಬರಿಯ ಕಪ್ಪು ಕಲೆ.
ಹಿತ್ತಾಳೆ ತನ್ನೊಳಗನ್ನು ಯಾರಿಗೂ ತೋರಿಸುವುದಿಲ್ಲ.
ಕಾಣದ್ದನ್ನು ಬಿಡುವಂತಿಲ್ಲ;
ತೆರೆದು ನೋಡುವಂತೆಯೂ ಇಲ್ಲ.
ಒಬ್ಬ ಪ್ರಯಾಣಿಕನಿಗೆ ನಲವತ್ತು ಸೆಕೆಂಡು,
ಮೀರಿದರೆ ದಂಡ: ಕರಾರಿನ ಒಂಬತ್ತನೇ ಪುಟ.

ಓಪಲ್ ಬೆಲ್ಟು ನಿಲ್ಲಿಸಿದಳು.
ಹೆಣದ ಪೆಟ್ಟಿಗೆ ಮಾಡುವವನ ಮನೆಗೆ ಫೋನು ಮಾಡಿ,
"ಆರ್ಡೆಲ್, ಮರದ ಡಬ್ಬಿಯೊಂದು ತಾ. ಇದ್ದ ಹಾಗೇ ಬಾ."
ಇದ್ದ ಹಾಗೇ ಬಂದ, ಪೈಜಾಮದ ಮೇಲೆ ಕೋಟು, ಮೀಸೆಯಲ್ಲಿ ಮಂಜು.
ಇಪ್ಪತ್ತೆರಡು ನಿಮಿಷ.
ಪೈಲಟ್ ಇಳಿದು ಬಂದು ಕಾಫಿ ಕುಡಿದ,
ಎರಡನೆಯ ಸಲವೂ ಕುಡಿದ.
ಹಿಂದಿನ ಕೋಣೆಯಲ್ಲಿ ಗಂಡನನ್ನು ಬದಲಿಸಿಕೊಂಡು
ಹೆಂಡತಿ ಮತ್ತೆ ಸಾಲಿಗೆ ನಿಂತಳು,
ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ.
ಈಗ ಪರದೆಯಲ್ಲಿ ಕಿತ್ತಳೆ ಬಣ್ಣದ ಮರ,
ಅದರೊಳಗೆ ಹಸಿರು ಮಬ್ಬು.
"ಹೋಗಬಹುದು" ಅಂದಳು ಓಪಲ್.
ಯಾರಿಗೆ ಅಂದಳೋ.

ರಾತ್ರಿ ಮೋಟೆಲಿನಲ್ಲಿ ಗುಣಿಸಿದೆ:
ಇಪ್ಪತ್ತೆರಡು ನಿಮಿಷಕ್ಕೆ ಏಳು ಡಾಲರು ಹದಿನೈದು ಸೆಂಟು.
ದಂಡ ಬೇರೆ.
ನೀಲಿ ಅಂಗಿಯಲ್ಲಿದ್ದರೆ ನಿಲ್ಲಿಸುತ್ತಿದ್ದಳೇ?
ಕೇಳಿದ್ದೆ. "ಮೂರು ಫಾರಂ ತುಂಬಬೇಕಾಗುತ್ತಿತ್ತು.
ತುಂಬುತ್ತಿದ್ದೆ."
ಎರಡೂ ಕಾಲಮ್ಮಿನಲ್ಲಿ ಇಲ್ಲದ್ದನ್ನು
ಎರಡರಿಂದಲೂ ಕಳೆಯಲು ಬರುವುದಿಲ್ಲ.
ಖಾಲಿ ಬಿಟ್ಟು ಮಲಗಿದೆ.

ಗುರುವಾರ ಕೋಟು ಬಿಚ್ಚಿ ಟ್ರೇಗೆ ಹಾಕಿದೆ.
"ಕೊನೆಗೆ ಯಾರು ಅಗ್ಗ?"
ಪಿಂಚಣಿಯನ್ನು ಎಲ್ಲಿ ಬರೆಯುತ್ತೇವೆ ಅನ್ನುವುದರ ಮೇಲೆ, ಅಂದೆ.
"ನೀವೆಲ್ಲಿ ಬರೆದಿರಿ?"
ಅಡಿಟಿಪ್ಪಣಿ ಏಳು.
"ಅಕ್ಷರ ಎಷ್ಟು ದೊಡ್ಡದು?"
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತೋರಿಸಿದೆ.

ಬೆಲ್ಟು ಕೀಚಲಿಟ್ಟು ನಿಂತಿತು.
"ಚೀಲದಲ್ಲಿ ಕತ್ತರಿ ಇದೆ" ಅಂದಳು.
ಹೊರತೆಗೆದು, ಅಳತೆಪಟ್ಟಿ ಪಕ್ಕದಲ್ಲೇ ಇದ್ದರೂ
ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿದಳು.
"ಚಿಕ್ಕದು. ಹೋಗಬಹುದು."