ಎತ್ತುವ ಕೆಲಸ

ಹತ್ತೊಂಬತ್ತು ವರ್ಷ ನಾನವುಗಳನ್ನು ನೋಡಿದ್ದು ಮೇಲಿನಿಂದಲೇ.
ಬಾಯಾ ಬಂದರಿನ ಕ್ರೇನಿನಲ್ಲಿ, ಗಾಜಿನ ಗೂಡಿನೊಳಗೆ,
ಕಾಲಡಿಗೆ ಇಪ್ಪತ್ತೆಂಟು ಮೀಟರು ಬರಿಯ ಗಾಳಿ.
ಲಾರಿಯಿಂದ ಬಾರ್ಜಿಗೆ ಮೆಕ್ಕೆಜೋಳ ಸುರಿಯುವಾಗ
ಕಬ್ಬಿಣದ ಮುಷ್ಟಿಯಿಂದ ಸೋರಿದ್ದು ಸೋರಿ
ಡ್ಯಾನ್ಯೂಬಿಗೆ ಬೀಳುತ್ತಿತ್ತು.
ತುಸು ಹೊತ್ತಿಗೆ ನೀರೊಳಗೆ ಹಿತ್ತಾಳೆಯ ಬೆನ್ನುಗಳು,
ಒಂದು, ಮೂರು, ಆಮೇಲೆ ಲೆಕ್ಕ ತಪ್ಪುವಷ್ಟು,
ಮದುವೆಯೂಟದ ಎರಡನೆಯ ಪಂಕ್ತಿಯ ಹಾಗೆ,
ಅವಸರವಿಲ್ಲ, ಆದರೆ ಯಾರೂ ಜಾಗ ಬಿಡುವುದಿಲ್ಲ.

"ಗೆಂಡೆ," ಅಂದ ಗೆಲ್ಲೆರ್ಟ್,
ಕೆಳಗೆ ತೂಕದ ಚೀಟಿ ಬರೆಯುವವನು.
"ನೋಡುವುದು ಬೇರೆ ವಿಲ್ಮಾ, ಹಿಡಿಯುವುದು ಬೇರೆ."

ಮೊದಲ ಪಾಠ ಅಡುಗೆಮನೆಯಲ್ಲಿ.
ಕಾಳು ಒಂದು ರಾತ್ರಿ ನೆನೆಯಬೇಕು, ಅರ್ಧ ಗಂಟೆ ಬೇಯಬೇಕು,
ಉಗುರಿಗೆ ಮೆತ್ತಗೆ, ಸೂಜಿಗೆ ಗಟ್ಟಿ.
ಎರಡನೆಯದಕ್ಕೆ ಕನ್ನಡಕ ಬೇಕಾಯಿತು:
ಕಾಳು ಗಾಳದ ಮೊನೆಗಲ್ಲ,
ಗಾಳದ ಬೆನ್ನಿಗೆ ಕಟ್ಟಿದ ಕೂದಲೆಳೆಯಷ್ಟು ದಾರಕ್ಕೆ.
ಗೆಂಡೆ ಹೀರಿ ನೋಡುತ್ತದೆ,
ಸಂಶಯ ಬಂದರೆ ಉಗುಳುತ್ತದೆ,
ಉಗುಳುವಾಗಲೇ ಸಿಕ್ಕಿಕೊಳ್ಳುತ್ತದೆ.
"ಥೇಟ್ ನನ್ನ ಹಾಗೆ," ಎಂದ
ಎರಡು ಸಲ ಮದುವೆಯಾದವನು.

ಎಂಟನೆಯ ನಂಬರಿನ ಗಾಳವನ್ನು ಅಂಗೈಲಿಟ್ಟು
ಅಂಗಡಿಯವಳೆದುರೇ ನಕ್ಕುಬಿಟ್ಟೆ.
ನನ್ನ ಕೊಕ್ಕೆಯ ಬಾಯಲ್ಲಿ
ಮೇಕೆಯೊಂದು ಮಲಗಿ ನಿದ್ದೆ ಮಾಡಬಹುದು.

ಬಂದರಿನೊಳಗೆ ಮೀನು ಹಿಡಿಯುವಂತಿಲ್ಲ.
ಶುಗೋವಿತ್ಸಾ ಕವಲಿನ ವಿಲೋ ಮರಗಳಡಿ
ದಿನಾ ಸಂಜೆ ಒಂದೇ ಜಾಗಕ್ಕೆ ಎರಡು ಹಿಡಿ ಕಾಳು.
"ಸಾಲ ಕೊಟ್ಟ ಹಾಗೆ ಎಸೆ," ಅಂದ, "ಕೇಳಲು ಹೋಗಬೇಡ."
ನಡೆಯುವುದನ್ನೂ ಹೊಸದಾಗಿ ಕಲಿತೆ:
ದಡದ ಮಣ್ಣು ಚಾಡಿಕೋರ,
ಒಂದು ಬೂಟಿನ ಸದ್ದನ್ನು ನೀರಿಗೆಲ್ಲ ಹೇಳಿಬರುತ್ತದೆ.
ಮೇ ತಿಂಗಳ ಗಳಿಕೆ
ಲೋಳೆಲೋಳೆಯ ಎರಡು ಬ್ರೀಮ್, ಒಂದು ನೆಗಡಿ,
ಮತ್ತು ಬೀಸಿದ ಗಾಳಕ್ಕೆ ಸಿಕ್ಕ ನನ್ನದೇ ಟೋಪಿ.

ಮೇಲಿನಿಂದ ಅಷ್ಟೊಂದು ಕಂಡಿದ್ದೆನಲ್ಲ!
ಇಲ್ಲಿ ನೀರೆಂದರೆ ಮುಚ್ಚಿದ ಮುಖ.
ಎಲ್ಲೋ ಒಂದೆರಡು ಗುಳ್ಳೆ,
ಆಪಿನ ಕಡ್ಡಿಯೊಂದು ಸುಮ್ಮನೆ ತಲೆದೂಗಿದ್ದು,
ಅಷ್ಟರಲ್ಲೇ ನಂಬಬೇಕು.

ಆಮೇಲೆ ಒಂದು ಮಂಗಳವಾರ, ಕೋಲು ಬಾಗಿ, ರಾಟೆ ಕಿರುಚಿ,
ನನ್ನ ಕೈ ತನಗೆ ಗೊತ್ತಿದ್ದನ್ನೇ ಮಾಡಿತು.
ಬಿಗಿ ಹಿಡಿಯಿತು.
ತೂಗಾಡುವ ಭಾರ ಕ್ರೇನಿಗೆ ಶತ್ರು,
ಅದೇ ನನ್ನ ಹತ್ತೊಂಬತ್ತು ವರ್ಷದ ವಿದ್ಯೆ.
ಪಟ್ ಅಂದಿತು ದಾರ.

ಗೆಲ್ಲೆರ್ಟ್ ಬೈಯಲಿಲ್ಲ. ರಾಟೆಯ ತಿರುಪನ್ನು
ಎರಡು ಸುತ್ತು ಸಡಿಲಿಸಿ ಕೈಗಿಟ್ಟ.
"ಹೋಗಲಿ ಬಿಡು ಅದು. ಹೋಗುತ್ತಾ ಹೋಗುತ್ತಾ
ನಿನ್ನ ಹತ್ತಿರ ಬರುತ್ತದೆ."

ಜೂನಿನಲ್ಲಿ ಬಂತು. ಮೂರು ಸಲ ಹೋಗಿ
ನಾಲ್ಕನೆಯ ಸಲ ಬಲೆಯ ಅಂಚಿಗೆ ಪಕ್ಕ ಒರಗಿಸಿತು.
ಬಾಯ ಎರಡೂ ಮೂಲೆಗೆ ಮೀಸೆ, ಹಳೇ ಗುಮಾಸ್ತನ ಗಾಂಭೀರ್ಯ,
ಒಂದೊಂದು ಹುರುಪೆಯೂ ಉಜ್ಜಿಟ್ಟ ನಾಣ್ಯ.
ನಾಲ್ಕು ಕಿಲೋ.
ನನ್ನ ಕ್ರೇನಿನ ಪರದೆಯಲ್ಲಿ ನಾಲ್ಕು ಕಿಲೋ ಎಂದರೆ ಸೊನ್ನೆ.
ಆ ಸೊನ್ನೆಯನ್ನು ಎತ್ತಿದ ನನ್ನ ಮೊಣಕೈ
ಬೆಳಗಿನ ಪಾಳಿಯವರೆಗೂ ನಡುಗುತ್ತಲೇ ಇತ್ತು.

ಒದ್ದೆ ಕೈಯಲ್ಲಿ ಹಿಡಿದು ನೀರಿಗಿಳಿಸಿದೆ.
ಕಿವಿರು ಎರಡು ಸಲ ತೆರೆದು ಮುಚ್ಚಿತು.
ಅಂಗೈ ಬಿಟ್ಟದ್ದು ಯಾವಾಗ, ಗೊತ್ತಾಗಲಿಲ್ಲ,
ಬೆರಳ ನಡುವೆ ಬರೀ ಕೆಸರು.

ಸುದ್ದಿ ಹೇಳಲು ಹೋದೆ.
ಗೆಲ್ಲೆರ್ಟ್ ಬಾಗಿಲಲ್ಲೇ ನಿಂತಿದ್ದ, ಕಣ್ಣು ಕೆಂಪು.
ಸಂತೋಷಕ್ಕೆ ಅತ್ತನೇನೋ ಅಂದುಕೊಂಡೆ.
"ಬಿಟ್ಟುಬಿಟ್ಟೆಯಾ?" ಎಂದ,
"ಎರಡು ಕಿಲೋ ಈರುಳ್ಳಿ ಹೆಚ್ಚಿದ್ದೇನೆ, ಮಾರಾಯ್ತಿ!"
ಒಲೆಯ ಮೇಲೆ ತಾಮ್ರದ ಕೊಳಗ ಕುದಿಯುತ್ತಿತ್ತು,
ಮೆಣಸಿನ ಪುಡಿಗೆ ಕೆಂಪೇರಿದ ಬರಿಯ ನೀರು.
ಇಬ್ಬರೂ ಅದಕ್ಕೇ ಶ್ಯಾವಿಗೆ ಹಾಕಿಕೊಂಡು ಉಂಡೆವು.